ಮಲಬಾರ್ ಪ್ರಿನ್ಸೆಸ್‌ನ ಕಡತ ಜನರ ಮುಂದಿಡಿ: ನಾಗರಿಕ ವಿಮಾನಯಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ನಾಗರಿಕ ವಿಮಾನಯಾನ ಸಚಿವರೇ, ವಿಮಾನ ಅಪಘಾತ ತನಿಖಾ ಬ್ಯೂರೋದ ಅಧಿಕಾರಿಗಳೇ,

1950ರ ನವೆಂಬರ್ 3ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಕೈರೋದಿಂದ ಹೊರಟು ಜಿನೀವಾದಲ್ಲಿ ಇಳಿಯಬೇಕಿತ್ತು. ಇಳಿಯಲಿಲ್ಲ. ಬಿರುಗಾಳಿ, ಮೋಡಗಳ ನಡುವೆ ಆಲ್ಪ್ಸ್‌ನ ಮೋಂಟ್ ಬ್ಲಾಂಕ್ ಪರ್ವತಕ್ಕೆ, ಶಿಖರಕ್ಕಿಂತ ಸ್ವಲ್ಪವೇ ಕೆಳಗೆ, ಹತ್ತಿರಹತ್ತಿರ 4,700 ಮೀಟರ್ ಎತ್ತರದಲ್ಲಿ ಹೋಗಿ ಅಪ್ಪಳಿಸಿತು. ಪ್ರಯಾಣಿಕರು 40 ಮಂದಿ, ಸಿಬ್ಬಂದಿ 8 ಮಂದಿ. ಒಬ್ಬರೂ ಉಳಿಯಲಿಲ್ಲ. ಹುಡುಕಲು ಹತ್ತಿದ, ಫ್ರಾನ್ಸಿನ ಶಮೊನಿ ಊರಿನ ಪರ್ವತ ಮಾರ್ಗದರ್ಶಿ ರೆನೆ ಪಾಯೋ ಹಿಮದ ಬಿರುಕಿಗೆ ಬಿದ್ದು ಪ್ರಾಣ ಬಿಟ್ಟರು. ಕಂಡು ಕೇಳರಿಯದ ದೇಶದ ಜನರಿಗಾಗಿ ಸತ್ತವರು ಅವರು. 49ನೆಯ ಹೆಸರಾಗಿ ಅವರನ್ನೂ ಸೇರಿಸಿಕೊಂಡೇ ನಾನು ಈ ಪತ್ರ ಬರೆಯುತ್ತಿದ್ದೇನೆ.

ಆ ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯ ನಾವಿಕರು. ಮುಂಬೈಯಿಂದ ಇಂಗ್ಲೆಂಡಿಗೆ, ಅಲ್ಲಿ ಕಾಯುತ್ತಿದ್ದ ಹಡಗು ಸೇರಲು ಹೊರಟಿದ್ದವರು. ರಾಜಮಹಾರಾಜರಲ್ಲ, ಉದ್ಯಮಿಗಳಲ್ಲ. ಡೆಕ್ಕು ತೊಳೆಯುವ, ಬಾಯ್ಲರಿಗೆ ಕೆಲಸ ಮಾಡುವ, ಅಡುಗೆ ಬೇಯಿಸುವ ವರ್ಗದ ಜನ. ನಮ್ಮ ಕರಾವಳಿಯಲ್ಲಿ, ಕಾರವಾರದಿಂದ ಮಂಗಳೂರಿನವರೆಗೆ, “ಮಗ ಹಡಗಿಗೆ ಹೋಗಿದ್ದಾನೆ” ಎನ್ನುವ ಮಾತಿನ ಹಿಂದೆ ಎಷ್ಟು ಲೆಕ್ಕಾಚಾರ ಇರುತ್ತದೆಂದು ಎಲ್ಲರಿಗೂ ಗೊತ್ತು: ತಂಗಿಯ ಮದುವೆ, ಮನೆಯ ಮಾಡು, ತಿಂಗಳಿಗೊಮ್ಮೆ ಬರುವ ಮನಿ ಆರ್ಡರ್. ಅಂಥ ಹತ್ತಾರು ಮನೆಗಳ ಗಂಡಸರು ಒಂದೇ ದಿನ ಹಿಮದಲ್ಲಿ ಹೂತುಹೋದರು. ಹೆಚ್ಚಿನವರ ದೇಹ ಕೆಳಗೆ ಬರಲೇ ಇಲ್ಲ.

2025ರ ನವೆಂಬರಿಗೆ ಆ ಘಟನೆಗೆ 75 ವರ್ಷ ತುಂಬಿತು. ನಾನು ಕೇಳುವುದು ದೊಡ್ಡದೇನಲ್ಲ. ಮಲಬಾರ್ ಪ್ರಿನ್ಸೆಸ್‌ಗೆ ಸಂಬಂಧಿಸಿ ಭಾರತ ಸರ್ಕಾರದ ಬಳಿ ಇರುವ ತನಿಖಾ ಕಾಗದಗಳನ್ನು, ಆ ಕಾಲದ ಇತರ ಅಪಘಾತಗಳ ವರದಿಗಳ ಜೊತೆ, ಯಾರು ಬೇಕಾದರೂ ಓದುವಂತೆ ಸಾರ್ವಜನಿಕವಾಗಿ ಇಡಿ. ಸತ್ತವರ ಪೂರ್ಣ ಪಟ್ಟಿಯನ್ನು ಅಧಿಕೃತವಾಗಿ ಪ್ರಕಟಿಸಿ. ಏಕೆ ಇದನ್ನು ಇಷ್ಟು ಒತ್ತಿ ಕೇಳುತ್ತಿದ್ದೇನೆ ಎನ್ನುವುದಕ್ಕೆ ಆ ವಿಮಾನದ ಕಥೆಯನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಗತ್ತನ್ನು ಹತ್ತಿರ ತಂದ ವಿಮಾನಗಳಲ್ಲಿ ಲಾಕ್‌ಹೀಡ್ ಕಂಪನಿಯ ಕಾನ್‌ಸ್ಟಲೇಷನ್ ಮುಂಚೂಣಿಯದು. ಮಲಬಾರ್ ಪ್ರಿನ್ಸೆಸ್ ಆ ಮಾದರಿಯದೇ. ಮೀನಿನಂತೆ ಬಳುಕಿದ ಮೈ, ಹಿಂದೆ ಮೂರು ಬಾಲದ ರೆಕ್ಕೆ, ನಾಲ್ಕು ಪ್ರೊಪೆಲ್ಲರ್. ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ಕ್ಯಾಬಿನ್ ಇದ್ದುದರಿಂದ ಕೆಟ್ಟ ಹವೆಯ ಮೇಲೆ ಹಾರಬಲ್ಲದಾಗಿತ್ತು. 1948ರ ಜೂನ್ 8ರಂದು ಮುಂಬೈಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊಟ್ಟಮೊದಲ ವಿಮಾನ ಇದೇ ಮಲಬಾರ್ ಪ್ರಿನ್ಸೆಸ್. ಸ್ವತಂತ್ರ ಭಾರತ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಜೆ.ಆರ್.ಡಿ. ಟಾಟಾ ಸ್ವತಃ ಅದರಲ್ಲಿ ಕುಳಿತು ಹೋಗಿದ್ದರು. ದೇಶದ ಬಾವುಟ ಹೊತ್ತು ಹೊರಟ ಅದೇ ವಿಮಾನ ಎರಡೂವರೆ ವರ್ಷದೊಳಗೆ ಆಲ್ಪ್ಸ್‌ನಲ್ಲಿ ಚೂರಾಯಿತು.

ಆದರೆ ಆ 1948ರ ಪ್ರಯಾಣ ಸುರಕ್ಷಿತವಾಗಿ ನಡೆದದ್ದರ ಹಿಂದೆ ಬೇರೆ ಯಾರದೋ ಸಾವಿತ್ತು. 1946ರ ಜುಲೈ 11ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರೆಡಿಂಗ್ ಬಳಿ ಟಿಡಬ್ಲ್ಯೂಎ ಎಂಬ ವಿಮಾನ ಕಂಪನಿಯ ಕಾನ್‌ಸ್ಟಲೇಷನ್ ಒಂದು ತರಬೇತಿ ಹಾರಾಟದಲ್ಲಿತ್ತು. ಒಳಗಿದ್ದ ಆರು ಮಂದಿಯೂ ಸಿಬ್ಬಂದಿಯೇ. ಇದ್ದಕ್ಕಿದ್ದಂತೆ ಹೊಗೆ ತುಂಬಿತು. ಐವರು ಸತ್ತರು. ತನಿಖೆ ಮಾಡಿದವರು ಸುಟ್ಟ ಅವಶೇಷದಲ್ಲಿ ಹುಡುಕಿ ಹಿಡಿದದ್ದು ಏನನ್ನು ಗೊತ್ತೇ? ಜನರೇಟರಿನ ವಿದ್ಯುತ್ ತಂತಿಯನ್ನು ವಿಮಾನದ ಲೋಹದ ಮೈಯೊಳಗಿಂದ ದಾಟಿಸಲು ಹಾಕಿದ್ದ ಒಂದು ಸಣ್ಣ ಸ್ಟಡ್, ಅಂದರೆ ಲೋಹದ ಕಡ್ಡಿ. ಕ್ಯಾಬಿನ್ನಿನ ಗಾಳಿ ಸೋರಬಾರದು, ತಂತಿಯೂ ಒಳಗೆ ಬರಬೇಕು. ಅದಕ್ಕಾಗಿ ಮಾಡಿದ ಜೋಡಣೆ ಅದು. ಅಲ್ಲಿ ಕಿಡಿ ಹಾರಿ, ಲೋಹ ಕಾದು, ಪಕ್ಕದ ಇನ್ಸುಲೇಷನ್ ಹೊತ್ತಿಕೊಂಡು, ಮುಂಭಾಗದ ಲಗೇಜು ಕೋಣೆಯಿಂದ ಬಂದ ಹೊಗೆ ಎಷ್ಟು ದಟ್ಟವಾಯಿತೆಂದರೆ ವಿಮಾನವನ್ನು ಹತೋಟಿಯಲ್ಲಿಟ್ಟುಕೊಳ್ಳುವುದೇ ಅಸಾಧ್ಯವಾಯಿತು. ಬೆಂಕಿಗಿಂತ ಮೊದಲು ಹೊಗೆಯೇ ಕೊಂದಿತ್ತು.

ಅಮೆರಿಕದ ಸರ್ಕಾರ ಮರುದಿನವೇ ಎಲ್ಲ ಕಾನ್‌ಸ್ಟಲೇಷನ್‌ಗಳನ್ನು ನೆಲಕ್ಕಿಳಿಸಿತು. ಲಾಭನಷ್ಟದ ಮಾತು ಹಿಂದೆ ಸರಿಯಿತು. ದೋಷ ತಿದ್ದಿದ ಮೇಲಷ್ಟೇ, ಆಗಸ್ಟ್ ತಿಂಗಳಲ್ಲಿ, ಮತ್ತೆ ಹಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಅಂದರೆ ಎರಡು ವರ್ಷದ ನಂತರ ಮುಂಬೈಯಿಂದ ಹೊರಟ ನಮ್ಮವರು ಹತ್ತಿದ್ದು ಆ ಪಾಠ ಕಲಿತ ವಿಮಾನವನ್ನು. ರೆಡಿಂಗ್‌ನ ಆ ವರದಿಯನ್ನು ಇವತ್ತು ಹೊಸಪೇಟೆಯಲ್ಲಿ ಕೂತ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ತನ್ನ ಫೋನಿನಲ್ಲೇ ತೆರೆದು ಓದಬಹುದು. ಆ ಕಾಲದ ತನಿಖಾ ಮಂಡಳಿಯ ಹಳೆಯ ವರದಿಗಳನ್ನು ಅಮೆರಿಕದ ಸಾರಿಗೆ ಇಲಾಖೆ ಡಿಜಿಟಲ್ ಮಾಡಿ ಜನರ ಕೈಗೆ ಕೊಟ್ಟಿದೆ. ಅದೇ ವಿದ್ಯಾರ್ಥಿ ಮಲಬಾರ್ ಪ್ರಿನ್ಸೆಸ್ ಬಗ್ಗೆ ತಿಳಿಯಬೇಕೆಂದರೆ ಫ್ರಾನ್ಸಿನ ಪರ್ವತಾರೋಹಿಗಳೂ ಪತ್ರಕರ್ತರೂ ಬರೆದದ್ದರ ಮೊರೆ ಹೋಗಬೇಕು. ವಿಮಾನ ನಮ್ಮದು, ಸತ್ತವರು ನಮ್ಮವರು, ಕಥೆ ಹೇಳುವವರು ಮಾತ್ರ ಅವರು.

ಸ್ಟಡ್ ಸರಿಪಡಿಸಿದ ಮಾತ್ರಕ್ಕೆ ಆ ಮಾದರಿಯ ವಿಮಾನಗಳ ಕಷ್ಟ ಮುಗಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಅದರ ರೈಟ್ ಕಂಪನಿಯ 18 ಸಿಲಿಂಡರಿನ ಎಂಜಿನ್‌ಗಳಿಗೆ ಬೆಂಕಿಯ ಕಾಟ ಇತ್ತು. ನಾಲ್ಕು ಎಂಜಿನ್ ಇಟ್ಟುಕೊಂಡು ಏರಿ ಮೂರರಲ್ಲಿ ಇಳಿಯುವುದು ಆ ಕಾಲದ ಪೈಲಟ್‌ಗಳಿಗೆ ಹೊಸದಾಗಿರಲಿಲ್ಲ. ರೆಡಿಂಗ್ ದುರಂತಕ್ಕೆ ಮೂರು ವಾರ ಮುಂಚೆ ಪ್ಯಾನ್ ಅಮೆರಿಕನ್ ವಿಮಾನ ಕಂಪನಿಯ ಕಾನ್‌ಸ್ಟಲೇಷನ್ ಒಂದರ ಎಂಜಿನ್ ಹೊತ್ತಿ ಉರಿದು ಕಳಚಿಯೇ ಬಿದ್ದುಹೋಗಿತ್ತು. ನಟ ಲಾರೆನ್ಸ್ ಒಲಿವಿಯರ್, ನಟಿ ವಿವಿಯನ್ ಲೀ ಅದರಲ್ಲಿದ್ದರು. ಪೈಲಟ್ ಅದನ್ನು ಕನೆಕ್ಟಿಕಟ್‌ನ ಸಣ್ಣದೊಂದು ವಿಮಾನ ನಿಲ್ದಾಣದಲ್ಲಿ ಇಳಿಸಿ ಎಲ್ಲರನ್ನೂ ಉಳಿಸಿದರು. ಮರುವರ್ಷ ಅದೇ ಕಂಪನಿಯ ಇನ್ನೊಂದು ವಿಮಾನ ಕರಾಚಿಯಿಂದ ಇಸ್ತಾಂಬುಲ್‌ಗೆ ಹೋಗುವಾಗ ಎಂಜಿನ್ನಿಗೆ ಬೆಂಕಿ ಬಿದ್ದು ಸಿರಿಯಾದ ಮರುಭೂಮಿಯಲ್ಲಿ ಬಿತ್ತು. ಆ ಸಲ ಎಲ್ಲರೂ ಉಳಿಯಲಿಲ್ಲ.

ಎಲ್ಲ ತಪ್ಪೂ ಯಂತ್ರದ್ದಲ್ಲ. 1948ರ ಅಕ್ಟೋಬರಿನಲ್ಲಿ ಡಚ್ಚರ ಕೆಎಲ್‌ಎಂ ಕಂಪನಿಯ ಕಾನ್‌ಸ್ಟಲೇಷನ್ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ರಾತ್ರಿ ಇಳಿಯಲು ಹೋಗಿ ಹೈಟೆನ್ಷನ್ ತಂತಿಗಳಿಗೆ ಸಿಕ್ಕಿ ಬಿತ್ತು. ಅದರಲ್ಲಿದ್ದ 40 ಜನರೂ ತೀರಿಕೊಂಡರು. ಪೈಲಟ್ ಪಾರ್ಮೆಂಟಿಯೇ ಎಂದರೆ ಆ ದೇಶದ ವಿಮಾನರಂಗದಲ್ಲಿ ದೊಡ್ಡ ಹೆಸರು. ಅಂಥವರ ಕೈಯಲ್ಲಿದ್ದ ನಕ್ಷೆಯಲ್ಲಿ 400 ಅಡಿ ಮೀರಿದ ದಿಬ್ಬದ ಎತ್ತರ 45 ಅಡಿ ಎಂದು ಅಚ್ಚಾಗಿತ್ತು. ಒಂದು ಸೊನ್ನೆ ಬಿಟ್ಟುಹೋಗಿತ್ತು. ಇಂಥ ವಿಷಯ ಬೆಳಕಿಗೆ ಬಂದದ್ದು ತನಿಖೆ ತೆರೆದ ಬಾಗಿಲಲ್ಲಿ ನಡೆದದ್ದರಿಂದ. ಇಲ್ಲದಿದ್ದರೆ “ಪೈಲಟ್ ಕೆಳಗೆ ಹಾರಿಸಿದ” ಎಂಬ ಒಂದೇ ಸಾಲಿನಲ್ಲಿ ಸತ್ತವನ ತಲೆಗೆ ಕಟ್ಟಿ ಮುಗಿಸುತ್ತಿದ್ದರು. ಅಪಘಾತವಾದ ಕೂಡಲೇ ನಾವು ಟಿವಿಯಲ್ಲಿ, ವಾಟ್ಸ್ಯಾಪಿನಲ್ಲಿ ಮಾಡುವುದೂ ಅದನ್ನೇ ಅಲ್ಲವೇ?

ಈಗ ನಮ್ಮ ಮನೆಯಂಗಳಕ್ಕೆ ಬನ್ನಿ. 1949ರ ಜುಲೈ 12. ಮುಂಬೈಯ ಮಳೆಗಾಲ. ಇಂಡೋನೇಷ್ಯಾ ಪ್ರವಾಸ ಮುಗಿಸಿ ಮರಳುತ್ತಿದ್ದ ಅಮೆರಿಕದ 13 ಪತ್ರಕರ್ತರಿದ್ದ ಕೆಎಲ್‌ಎಂ ಕಾನ್‌ಸ್ಟಲೇಷನ್ ಸಾಂತಾಕ್ರೂಜ್‌ನಲ್ಲಿ ಇಳಿಯಲಾರದೆ ಘಾಟ್‌ಕೋಪರ್ ಗುಡ್ಡಕ್ಕೆ ಬಡಿಯಿತು. 45 ಜನರಲ್ಲಿ ಒಬ್ಬರೂ ಬದುಕಲಿಲ್ಲ. ಯುರೋಪಿನ ಯುದ್ಧಗಳನ್ನು ಕಣ್ಣಾರೆ ಕಂಡು ಬರೆದ ಎಚ್.ಆರ್. ನಿಕರ್‌ಬಾಕರ್ ಅಂಥವರು ಆ ಗುಡ್ಡದ ಮೇಲೆ ಕೊನೆಯುಸಿರೆಳೆದರು. ಇಂದು ಆ ಗುಡ್ಡದ ಸುತ್ತ ಲಕ್ಷಾಂತರ ಜನ ವಾಸಿಸುತ್ತಾರೆ. ಮುಂಬೈ ಕನ್ನಡಿಗರ ಎಷ್ಟೋ ಸಂಸಾರಗಳೂ ಅಲ್ಲಿವೆ. ತಮ್ಮ ತಲೆಯ ಮೇಲೆ ಒಮ್ಮೆ ಏನಾಯಿತೆಂದು ಅವರಲ್ಲಿ ಎಷ್ಟು ಜನ ಬಲ್ಲರು?

ಇನ್ನು 1955ರ ಏಪ್ರಿಲ್ 11ರ ‘ಕಾಶ್ಮೀರ್ ಪ್ರಿನ್ಸೆಸ್’. ಇದರ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ವಿಮಾನ ಅಪಘಾತದ ಕಾಗದಗಳು ಒಂದು ದೇಶದ ಮಾನವನ್ನೂ ಕಾಯುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ನಡೆಯಲಿದ್ದ ಏಷ್ಯಾ-ಆಫ್ರಿಕಾ ದೇಶಗಳ ಸಮ್ಮೇಳನಕ್ಕೆ ಚೀನಾದ ಪ್ರತಿನಿಧಿಗಳನ್ನೂ ಪತ್ರಕರ್ತರನ್ನೂ ಹೊತ್ತು ಹಾಂಗ್‌ಕಾಂಗ್‌ನಿಂದ ಜಕಾರ್ತಾಕ್ಕೆ ಹೊರಟಿದ್ದ ಏರ್ ಇಂಡಿಯಾದ ಕಾನ್‌ಸ್ಟಲೇಷನ್ ಅದು. ಸುಮಾರು ಐದು ಗಂಟೆ ಹಾರಿದ ಮೇಲೆ, 18,000 ಅಡಿ ಎತ್ತರದಲ್ಲಿ, ಸ್ಫೋಟದ ಸದ್ದು. ಬಲ ರೆಕ್ಕೆಯ ಕಡೆ ಬೆಂಕಿ. ಕ್ಯಾಬಿನ್ನಿನೊಳಗೆ ಹೊಗೆ. ಕ್ಯಾಪ್ಟನ್ ಡಿ.ಕೆ. ಜಟಾರ್ ವಿಮಾನವನ್ನು ಸಮುದ್ರದ ಮೇಲೆ ಇಳಿಸುವ ನಿರ್ಧಾರ ಮಾಡಿದರು. ರೇಡಿಯೋ ಸಾಯುವ ಮೊದಲು ಇಂಡೋನೇಷ್ಯಾದ ನತುನಾ ದ್ವೀಪಗಳ ಬಳಿ ಇದ್ದೇವೆಂದು ಅಪಾಯದ ಸಂದೇಶ ಹೊರಟಿತು. ಗಗನಸಖಿ ಗ್ಲೋರಿಯಾ ಬೆರಿ ಹೊಗೆಯ ನಡುವೆ ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ಹಂಚಿದರು. ಉರಿಯುವ ವಿಮಾನದಲ್ಲಿ ಸಾಲಿನಿಂದ ಸಾಲಿಗೆ ನಡೆದು ಮತ್ತೊಬ್ಬರ ಜೀವದ ಚಿಂತೆ ಮಾಡಿದ ಆ ಹುಡುಗಿಗೆ, ಕ್ಯಾಪ್ಟನ್ ಜಟಾರ್ ಅವರಿಗೆ, ದೇಶ ಮರಣೋತ್ತರವಾಗಿ ಅಶೋಕ ಚಕ್ರ ಕೊಟ್ಟಿತು. 19 ಜನರಲ್ಲಿ 16 ಮಂದಿ ಸತ್ತರು. ಸಹಪೈಲಟ್ ದೀಕ್ಷಿತ್, ನ್ಯಾವಿಗೇಟರ್ ಪಾಠಕ್, ಎಂಜಿನಿಯರ್ ಕಾರ್ಣಿಕ್, ಈ ಮೂವರು ಈಜಿ ದಡ ಸೇರಿ ಬದುಕಿದರು.

ಸಮುದ್ರದ ತಳದಿಂದ ಅವಶೇಷ ಎತ್ತಿ ನೋಡಿದಾಗ ಬಲಗಡೆಯ ಚಕ್ರ ಮಡಚಿಕೊಳ್ಳುವ ಜಾಗದಲ್ಲಿ ಟೈಂಬಾಂಬಿನ ಕುರುಹು ಸಿಕ್ಕಿತು. ಗುರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್. ಅವರು ಬೇರೆ ದಾರಿಯಲ್ಲಿ ಹೋಗಿದ್ದರು. ಹಾಂಗ್‌ಕಾಂಗ್ ವಿಮಾನ ನಿಲ್ದಾಣದಲ್ಲಿ ವಿಮಾನ ಸ್ವಚ್ಛಗೊಳಿಸುವ ಕೆಲಸದಲ್ಲಿದ್ದವನೊಬ್ಬ ಬಾಂಬಿಟ್ಟು ತೈವಾನಿಗೆ ಪರಾರಿಯಾದ ಎಂದು ತನಿಖೆ ಹೇಳಿತು. ಯೋಚಿಸಿ ನೋಡಿ: ಇಂಡೋನೇಷ್ಯಾದವರು ಆ ಅವಶೇಷವನ್ನು ಮೇಲೆತ್ತದೆ ಬಿಟ್ಟಿದ್ದರೆ, ನೆಹರೂ ಕಳುಹಿಸಿದ ಗುಪ್ತಚರ ಅಧಿಕಾರಿ ಆರ್.ಎನ್. ಕಾವ್ ಬೆನ್ನು ಹತ್ತದೆ ಹೋಗಿದ್ದರೆ, ವರದಿ ಹೊರಗೆ ಬರದೇ ಇದ್ದಿದ್ದರೆ, “ಇಂಡಿಯಾದವರು ವಿಮಾನ ಸರಿಯಾಗಿ ನೋಡಿಕೊಂಡಿರಲಿಲ್ಲ” ಎಂಬ ಕಳಂಕ ನಮ್ಮ ಎಂಜಿನಿಯರುಗಳ ತಲೆಯ ಮೇಲೆ ಶಾಶ್ವತವಾಗಿ ಕೂತಿರುತ್ತಿತ್ತು. ಅಂದು ಸತ್ಯ ಬಯಲಾಗಿದ್ದು ನಮ್ಮನ್ನು ಉಳಿಸಿತು.

ಕಾಶ್ಮೀರ್ ಪ್ರಿನ್ಸೆಸ್‌ಗೆ ಸಿಕ್ಕ ಆ ನ್ಯಾಯ ಮಲಬಾರ್ ಪ್ರಿನ್ಸೆಸ್‌ನ ನಾವಿಕರಿಗೂ ಸಲ್ಲಬೇಕು. ಅದರಲ್ಲಿ ರಾಜಕೀಯ ಇಲ್ಲ, ಗೂಢಚಾರರಿಲ್ಲ, ಪ್ರಧಾನಿಗಳ ಹೆಸರಿಲ್ಲ. ಇರುವುದು ಬಡವರ ಸಾವು. ಹಾಗಾಗಿಯೇ ಮರೆವು ಬೇಗ ಬಂತು ಎನ್ನುವುದು ನನ್ನ ಅನಿಸಿಕೆ. ಅದೇ ಪರ್ವತಕ್ಕೆ 1966ರ ಜನವರಿ 24ರಂದು ಏರ್ ಇಂಡಿಯಾದ ಬೋಯಿಂಗ್ 707 ‘ಕಾಂಚನಜುಂಗಾ’ ಬಡಿದು 117 ಜನ ಸತ್ತಾಗ, ಅಣುವಿಜ್ಞಾನಿ ಹೋಮಿ ಭಾಭಾ ಅವರು ಅದರಲ್ಲಿದ್ದರೆಂಬ ಕಾರಣಕ್ಕೆ ಆ ದುರಂತ ನಮ್ಮ ನೆನಪಿನಲ್ಲಿ ಉಳಿಯಿತು. ಭಾಭಾ ಅವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟೂ ಇದ್ದುದರಿಂದ ನಮಗಂತೂ ಅದು ಮನೆಯವರ ಸಾವೇ. ಆದರೆ ಅದೇ ಹಿಮದಡಿ 15 ವರ್ಷ ಮೊದಲೇ ಮಲಗಿದ್ದ ನಾವಿಕರ ಸಾವು ಅದಕ್ಕಿಂತ ಕಡಿಮೆಯದೇ?

ಹಿಮ ಮಾತ್ರ ಯಾರನ್ನೂ ಮರೆತಿಲ್ಲ. ಮೋಂಟ್ ಬ್ಲಾಂಕ್‌ನ ಬೊಸೋನ್ ಹಿಮನದಿ ಮೆಲ್ಲಗೆ ಕೆಳಗೆ ಸರಿಯುತ್ತ, ನುಂಗಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ಹಾಕುತ್ತಿದೆ. 1978ರಲ್ಲಿ ಮಲಬಾರ್ ಪ್ರಿನ್ಸೆಸ್‌ನಲ್ಲಿದ್ದ ಅಂಚೆಯ ಲಕೋಟೆಗಳು ಹಿಮನದಿಯ ಬುಡದಲ್ಲಿ ಫ್ರೆಂಚ್ ಪೊಲೀಸನೊಬ್ಬನ ಕಣ್ಣಿಗೆ ಬಿದ್ದವು. ಬರೆದವರಲ್ಲಿ, ಓದಬೇಕಿದ್ದವರಲ್ಲಿ ಎಷ್ಟು ಜನ ಉಳಿದಿದ್ದರೋ; 28 ವರ್ಷ ಹಿಮದಲ್ಲಿದ್ದ ಕಾಗದ ಅದು. 2012ರಲ್ಲಿ ‘ಕಾಂಚನಜುಂಗಾ’ದಲ್ಲಿದ್ದ ಭಾರತ ಸರ್ಕಾರದ ರಾಜತಾಂತ್ರಿಕ ಅಂಚೆ ಚೀಲ ಸಿಕ್ಕಿತು. 2013ರಲ್ಲಿ ಯುವ ಪರ್ವತಾರೋಹಿಯೊಬ್ಬನಿಗೆ ಪಚ್ಚೆ, ನೀಲ, ಮಾಣಿಕ್ಯ ತುಂಬಿದ ಪೆಟ್ಟಿಗೆ ಸಿಕ್ಕಿ, ಅವನು ಅದನ್ನು ಪ್ರಾಮಾಣಿಕವಾಗಿ ಪೊಲೀಸರಿಗೆ ಒಪ್ಪಿಸಿದ. ವಾರಸುದಾರರು ಸಿಗದೆ 2021ರಲ್ಲಿ ಶಮೊನಿ ಪುರಸಭೆಯೂ ಅವನೂ ಅದನ್ನು ಹಂಚಿಕೊಂಡರು. 2017ರಲ್ಲಿ ಡೇನಿಯಲ್ ರೋಶ್ ಎಂಬ ಹವ್ಯಾಸಿ ಸಂಶೋಧಕರಿಗೆ ಮಾನವ ದೇಹದ ಭಾಗಗಳು ಸಿಕ್ಕವು. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿಯಿದ್ದ ಪತ್ರಿಕೆಗಳು, ಇನ್ನೂ ಓದಲು ಬರುವ ಸ್ಥಿತಿಯಲ್ಲಿ, ಹಿಮದಿಂದ ಹೊರಬಂದವು.

ಭೂಮಿ ಬಿಸಿಯಾದಂತೆ ಹಿಮನದಿಗಳು ಕರಗುವುದು ಹೆಚ್ಚುತ್ತದೆ, ಇನ್ನಷ್ಟು ವಸ್ತುಗಳು, ಇನ್ನಷ್ಟು ಮೂಳೆಗಳು ಮೇಲೆ ಬರುತ್ತವೆ. ಆಗ ಯಾರನ್ನು ಕೇಳಬೇಕು? ಯಾರ ಡಿಎನ್‌ಎ ಜೊತೆ ಹೋಲಿಸಬೇಕು? ಅಧಿಕೃತ ಪಟ್ಟಿ, ಅದರ ಜೊತೆ ಊರು, ವಾರಸುದಾರರ ವಿವರ ಸರ್ಕಾರದ ಕೈಯಲ್ಲಿ ಸಿದ್ಧ ಇದ್ದರೆ ಒಂದು ಮೂಳೆಯಾದರೂ ತನ್ನ ಮನೆಗೆ ಮರಳಬಹುದು. 1950ರಲ್ಲಿ ಹತ್ತು ವರ್ಷದವನಾಗಿದ್ದ ಮಗ ಇಂದು 85 ದಾಟಿರುತ್ತಾನೆ. ಕಾಯುವಷ್ಟು ಸಮಯ ಅವನ ಬಳಿ ಇಲ್ಲ.

ಹಳೆಯ ಅಪಘಾತಗಳನ್ನು ಕೆದಕಿ ಏನು ಪ್ರಯೋಜನ, ಪ್ರೊಪೆಲ್ಲರ್ ವಿಮಾನಗಳ ಕಾಲವೇ ಹೋಯಿತಲ್ಲ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಬಹುದು. ಯಂತ್ರ ಬದಲಾಗಿದೆ, ನಿಜ. ಮನುಷ್ಯ ತಪ್ಪು ಮಾಡುವ ರೀತಿ ಅಷ್ಟು ಬದಲಾಗಿಲ್ಲ. ಮೋಡದೊಳಗೆ ತಾನು ಎಲ್ಲಿದ್ದೇನೆಂದು ಲೆಕ್ಕ ತಪ್ಪಿ ಬೆಟ್ಟಕ್ಕೆ ಬಡಿಯುವುದು 1950ರಲ್ಲೂ ನಡೆಯಿತು, ಜೆಟ್ ಕಾಲದ 1966ರಲ್ಲೂ ಅದೇ ಬೆಟ್ಟದಲ್ಲಿ ನಡೆಯಿತು. ಮೊದಲನೆಯದರ ಪಾಠ ಎಲ್ಲರ ಕೈಯಲ್ಲಿ ಇದ್ದಿದ್ದರೆ ಎರಡನೆಯದು ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ ಕೇಳುವ ಹಕ್ಕು ನಮಗಿದೆ. ಅಮೆರಿಕದಲ್ಲಿ 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಸೂಪರ್ ಕಾನ್‌ಸ್ಟಲೇಷನ್, ಡಿಸಿ-7 ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತಾಗ, ಪೈಲಟ್‌ಗಳು ಕಿಟಕಿಯಿಂದ ನೋಡಿಕೊಂಡು ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಬೇಕೆಂಬ ವ್ಯವಸ್ಥೆ ಸಾಲದೆಂದು ಇಡೀ ದೇಶಕ್ಕೆ ಅರ್ಥವಾಯಿತು. ಎರಡು ವರ್ಷದಲ್ಲಿ ಹೊಸ ಕಾನೂನು, ವಿಮಾನಯಾನವನ್ನು ನಿಯಂತ್ರಿಸುವ ಹೊಸ ಸರ್ಕಾರಿ ಸಂಸ್ಥೆ ಬಂದವು. ಅಲ್ಲಿ ಅಪಘಾತ ಸಾರ್ವಜನಿಕ ಚರ್ಚೆಯಾಗಿತ್ತು, ಕಪಾಟಿನ ಕಡತ ಆಗಿರಲಿಲ್ಲ.

ಕನ್ನಡಿಗರಾದ ನಮಗೆ ಇದು ದೂರದ ಮಾತಲ್ಲ. 1990ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ 92 ಜನ, 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ. ಮಂಗಳೂರಿನ ವಿಮಾನದಲ್ಲಿ ಸಹಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಮತ್ತೆಮತ್ತೆ ಹೇಳಿದ್ದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು ಎನ್ನುವ ಸತ್ಯ ನಮಗೆ ಗೊತ್ತಾಗಿದ್ದು ತನಿಖಾ ವರದಿ ಹೊರಬಂದದ್ದರಿಂದ. ಆದರೆ ಆ ವರದಿ ಇಂಗ್ಲಿಷಿನಲ್ಲಿದೆ. ಗಲ್ಫಿನಲ್ಲಿ ದುಡಿದು ಊರಿಗೆ ಬರುತ್ತಿದ್ದ ಮಗನನ್ನು ಕಳೆದುಕೊಂಡ ತಾಯಿಗೆ, ಅವನು ಯಾಕೆ ಸತ್ತನೆಂದು ಅವಳ ಭಾಷೆಯಲ್ಲಿ ಹೇಳಬೇಕಾದ ಹೊಣೆ ಸರ್ಕಾರದ್ದಲ್ಲದೆ ಮತ್ತಾರದು? 2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ ಬ್ಯೂರೋ ಒಂದು ತಿಂಗಳಲ್ಲಿ ಪ್ರಾಥಮಿಕ ವರದಿ ಪ್ರಕಟಿಸಿತು. ಅದನ್ನು ಮನಸಾರೆ ಮೆಚ್ಚುತ್ತೇನೆ. ಅದೇ ಪದ್ಧತಿ ಹಿಂದಕ್ಕೂ ಹರಿಯಲಿ.

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ಸ್ವಾತಂತ್ರ್ಯಾನಂತರ ನಮ್ಮ ನೆಲದಲ್ಲಿ, ಅಥವಾ ನಮ್ಮ ವಿಮಾನಗಳಿಗೆ ಹೊರದೇಶದಲ್ಲಿ ಆದ ಎಲ್ಲ ನಾಗರಿಕ ವಿಮಾನ ಅಪಘಾತಗಳ ವರದಿಗಳನ್ನು ಸ್ಕ್ಯಾನ್ ಮಾಡಿ ಬ್ಯೂರೋದ ಜಾಲತಾಣದಲ್ಲಿ ಒಂದೇ ಕಡೆ ಇಡಿ. ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣ ಈಗಾಗಲೇ ಇದೆ, ಅದರ ಜೊತೆ ಸೇರಿ ಮಾಡಿದರೆ ಹೊಸ ವ್ಯವಸ್ಥೆ ಕಟ್ಟುವ ಖರ್ಚೂ ಇಲ್ಲ. ಪ್ರತಿ ವರದಿಯ ಸಾರಾಂಶವನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಕೊಡಿ. ನಾಲ್ಕು ಪುಟ ಸಾಕು. 2022ರಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿದಾಗ ಹಳೆಯ ಸಂಸ್ಥೆಯ ಅಪಘಾತ ದಾಖಲೆಗಳು, ಪ್ರಯಾಣಿಕರ ಪಟ್ಟಿಗಳು ಯಾರ ವಶಕ್ಕೆ ಹೋದವು ಎಂಬುದನ್ನು ಸಾರ್ವಜನಿಕರಿಗೆ ತಿಳಿಸಿ. ಸಂಸ್ಥೆಯ ಕಲಾಸಂಗ್ರಹವನ್ನು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಒಪ್ಪಿಸುವಷ್ಟು ಕಾಳಜಿ ಸರ್ಕಾರಕ್ಕಿತ್ತು. ಸತ್ತವರ ಕಾಗದಗಳಿಗೂ ಅಷ್ಟೇ ಕಾಳಜಿ ಸಲ್ಲಬೇಕು.

ಮುಂಬೈ ಬಂದರಿನ ಬಳಿ, ನಾವಿಕರು ಓಡಾಡುವ ಜಾಗದಲ್ಲಿ, ಮಲಬಾರ್ ಪ್ರಿನ್ಸೆಸ್‌ನ 48 ಜನರ ಹೆಸರನ್ನೂ ರೆನೆ ಪಾಯೋ ಅವರ ಹೆಸರನ್ನೂ ಕೆತ್ತಿದ ಕಲ್ಲೊಂದನ್ನು ನಿಲ್ಲಿಸಿ. ಹಡಗು ಸಚಿವಾಲಯವನ್ನೂ ನಾವಿಕರ ಸಂಘಗಳನ್ನೂ ಜೊತೆಗೆ ಕರೆದುಕೊಳ್ಳಿ. ಶಮೊನಿ ಪುರಸಭೆಯ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು, ಹಿಮನದಿಯಲ್ಲಿ ಇನ್ನು ಮುಂದೆ ಸಿಗುವ ಪ್ರತಿ ವೈಯಕ್ತಿಕ ವಸ್ತು, ಪ್ರತಿ ದೇಹಾವಶೇಷದ ಬಗ್ಗೆ ಭಾರತದಲ್ಲಿ ಪ್ರಕಟಣೆ ಹೊರಡುವಂತೆ, ವಾರಸುದಾರರಿಗೆ ಅರ್ಜಿ ಹಾಕಲು ಅವಕಾಶ ಇರುವಂತೆ ನೋಡಿಕೊಳ್ಳಿ. ಈ ಕೆಲಸಕ್ಕೆ ಒಬ್ಬ ಅಧಿಕಾರಿಯನ್ನು ಹೆಸರಿಸಿ, ಅವರ ಕಚೇರಿಯ ವಿಳಾಸವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ. ತಮ್ಮ ಅಜ್ಜ ಆ ವಿಮಾನದಲ್ಲಿದ್ದರೆಂದು ಮನೆಯಲ್ಲಿ ಮಾತು ಕೇಳಿ ಬೆಳೆದವರು ಬರೆಯಲು ಒಂದು ಬಾಗಿಲು ಬೇಕು.

ಬರುವ ನವೆಂಬರ್ 3ರೊಳಗೆ ಕನಿಷ್ಠ ಹೆಸರುಗಳ ಪಟ್ಟಿಯನ್ನಾದರೂ ಪ್ರಕಟಿಸುವಿರೆಂದು ನಂಬಿದ್ದೇನೆ. ನಿಮ್ಮ ಉತ್ತರವೂ ಈ ಪತ್ರದಂತೆಯೇ ಬಹಿರಂಗವಾಗಿ ಬರಲಿ.

ಇಂತಿ,
ಕನ್ನಡ ನಾಡಿನ ಒಬ್ಬ ನಾಗರಿಕ